ರೋಗಿಯ ಮಾತು ಪ್ರಮಾಣವೇ?

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಘದ ಹಿರಿಯರು ಕೇಳಿದಾಗ, ಹೊಸೂರು ಸೀಮೆಯ ಕನ್ನಡದ ಅಳಿವು ಉಳಿವುಗಳನ್ನು ಕುರಿತು ಬರೆಯುವುದೇ ಸಹಜವಾಗಿತ್ತು. ಸೇಲಂ ಜಿಲ್ಲೆಗೆ ಸೇರಿದ್ದ ನಾವು 1965ರಲ್ಲಿ ಧರ್ಮಪುರಿಗೆ, 2004ರಲ್ಲಿ ಕೃಷ್ಣಗಿರಿಗೆ ಸೇರಿದೆವು. ಜಿಲ್ಲೆಯ ಹೆಸರು ಬದಲಾದರೂ ತಳಿ, ಡೆಂಕಣಿಕೋಟೆ, ಕೆಲಮಂಗಲ, ಬಾಗಲೂರು ಕಡೆಯ ಎಷ್ಟೋ ಮನೆಗಳ ಒಳಮಾತು ಬದಲಾಗಲಿಲ್ಲ. ಈ ಸಂಗತಿಯನ್ನು ನಮಗಿಂತ ಚೆನ್ನಾಗಿ ಬಲ್ಲವರು ಇದೇ ಸಂಚಿಕೆಯಲ್ಲಿ ಬರೆದಿರುತ್ತಾರೆ. ನಾವು ಬೇರೊಂದು ವಿಷಯವನ್ನು ಎತ್ತಿಕೊಂಡಿದ್ದೇವೆ. ಅದಕ್ಕೂ ಮಾತಿಗೂ ಸಂಬಂಧವಿದೆ. ಒಬ್ಬ ಮನುಷ್ಯನು ತನ್ನ ದೇಹದ ಬಗ್ಗೆ ಹೇಳುವ ಮಾತನ್ನು ಕೇಳುವವನು ಎಷ್ಟರ ಮಟ್ಟಿಗೆ ನಂಬಬೇಕು? ನಂಬದೆ ಹೋದರೆ ಅದು ಬರಿಯ ತಪ್ಪು ತಿಳಿವಳಿಕೆಯೇ, ಅನ್ಯಾಯವೇ? ಈ ಪ್ರಶ್ನೆ ನಮ್ಮ ಮನೆಗೆ ಪುಸ್ತಕದ ಮೂಲಕ ಬಂದದ್ದಲ್ಲ.

ಕೆಲವು ವರ್ಷಗಳ ಹಿಂದೆ, ಏಪ್ರಿಲ್ ತಿಂಗಳ ಒಂದು ರಾತ್ರಿ, ನಮ್ಮ ಅಕ್ಕನ ಮಗನನ್ನು ನಮ್ಮ ಸೀಮೆಯದೇ ಒಂದು ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ದೆವು. ಆಸ್ಪತ್ರೆಯ ಹೆಸರು ಇಲ್ಲಿ ಬೇಕಿಲ್ಲ. ಅಂದು ಅಲ್ಲಿ ನಡೆದದ್ದು ಬೇರೆಲ್ಲಾದರೂ ನಡೆಯಬಹುದಾಗಿತ್ತು. ಹುಡುಗನಿಗೆ ಆಗ ಹದಿಮೂರು ವರ್ಷ. ಹುಟ್ಟಿನಿಂದ ತೀವ್ರ ತರದ ಹಿಮೋಫಿಲಿಯಾ. ಸಂಜೆಯಿಂದ ಬಲಗಡೆಯ ತೊಡೆಸಂದಿನಲ್ಲಿ ನೋವು ಎನ್ನುತ್ತಿದ್ದ. ಹೊರಗೆ ಗಾಯವಿಲ್ಲ, ಊತವಿಲ್ಲ, ಚರ್ಮ ಕಂದಿರಲಿಲ್ಲ. ಬಲಗಾಲನ್ನು ಮಡಚಿಕೊಂಡು ಒಂದು ಮಗ್ಗುಲಾಗಿ ಮಲಗಿದರೆ ಮಾತ್ರ ಸ್ವಲ್ಪ ಸಹ್ಯವಾಗುತ್ತಿತ್ತು.

ಅಂದು ಅಲ್ಲಿ ಜನ ತುಂಬಿದ್ದರು. ಹೆದ್ದಾರಿಯಲ್ಲಿ ಬೈಕು ಉರುಳಿಸಿಕೊಂಡ ಇಬ್ಬರು, ಎದೆನೋವೆಂದು ಬಂದ ಒಬ್ಬ ವೃದ್ಧರು, ಔಷಧ ಕುಡಿದಿದ್ದ ಒಬ್ಬ ಹೆಂಗಸು. ಅವರ ನಡುವೆ ನಮ್ಮ ಹುಡುಗ ಮೈಯಲ್ಲಿ ಒಂದು ತರಚೂ ಇಲ್ಲದೆ ಮಲಗಿದ್ದ. ಕರ್ತವ್ಯದಲ್ಲಿದ್ದ ಯುವ ವೈದ್ಯರು ಹೊಟ್ಟೆಯನ್ನು ಒತ್ತಿ ನೋಡಿ ಗ್ಯಾಸ್ ಇರಬಹುದೆಂದರು. ಬಳಿಕ ಹುಡುಗನತ್ತ ಬಾಗಿ, ತುಸು ನಗುತ್ತಲೇ, “ನಾಳೈಕ್ಕು ಎಕ್ಸಾಮಾ?” ಎಂದು ಕೇಳಿದರು. ಮರುದಿನ ಪರೀಕ್ಷೆ ಇದ್ದದ್ದು ನಿಜ. ಹುಡುಗ ಹೌದೆಂದು ತಲೆಯಾಡಿಸಿದ. ಆ ತಲೆಯಾಡಿಸುವಿಕೆಯೊಂದಿಗೆ ಅವನ ಮಾತಿನ ಬೆಲೆ ಅಲ್ಲಿ ಮುಗಿದುಹೋಯಿತು. ಅಕ್ಕ ಹಿಮೋಫಿಲಿಯಾ ಎಂದಳು, ಕಡತ ತೋರಿಸಿದಳು, ಒಳಗೆ ರಕ್ತ ಸುರಿಯುತ್ತಿರಬಹುದು, ಬೆಂಗಳೂರಿನ ವೈದ್ಯರು ಹೀಗೆ ನೋವು ಬಂದರೆ ಮೊದಲು ಫ್ಯಾಕ್ಟರ್ ಕೊಡಿಸಬೇಕೆಂದು ಹೇಳಿದ್ದಾರೆ ಎಂದಳು. ರಕ್ತವೇ ಬರುತ್ತಿಲ್ಲವಲ್ಲ ಎಂಬ ಉತ್ತರ ಬಂತು. ಅಷ್ಟರಲ್ಲಿ ಸಿಸ್ಟರ್ ಒಬ್ಬರು ನೋವಿನ ಇಂಜೆಕ್ಷನ್ ತುಂಬಿಕೊಂಡು ಬಂದು, ಹುಡುಗನ ಸೊಂಟದ ಬಟ್ಟೆ ಸರಿಸಲು ಹೇಳಿದರು. ಅಕ್ಕ ಮಗನ ಸೊಂಟದ ಮೇಲೆ ತನ್ನ ಎರಡೂ ಅಂಗೈಗಳನ್ನಿಟ್ಟು ಅಡ್ಡ ನಿಂತಳು. ಸ್ನಾಯುವಿಗೆ ಸೂಜಿ ಚುಚ್ಚಬಾರದು ಎಂದಳು. ವೈದ್ಯರ ಮುಖದ ನಗು ಆಗ ಮಾಯವಾಯಿತು. “ನೀಂಗ ಡಾಕ್ಟರಾ?” ಎಂದರು. ಅಕ್ಕ ಉತ್ತರ ಕೊಡಲಿಲ್ಲ, ಕೈಯನ್ನೂ ತೆಗೆಯಲಿಲ್ಲ.

ಚಿಕಿತ್ಸೆಗೆ ಒಪ್ಪಲಿಲ್ಲವೆಂದು ಬರೆಸಿ ಸಹಿ ಹಾಕಿಸಿಕೊಂಡರು. ಮನೆಗೆ ಬಂದೆವು. ಬೆಳಿಗ್ಗೆ ಹುಡುಗನಿಗೆ ಕಾಲು ನೀಡಲಾಗಲಿಲ್ಲ, ತೊಡೆಯ ಮುಂಭಾಗ ಮರಗಟ್ಟಿತ್ತು. ಅತ್ತಿಬೆಲೆ ದಾಟಿ ಬೆಂಗಳೂರಿಗೆ ಹೋದೆವು. ಅಲ್ಲಿ ಸ್ಕ್ಯಾನ್‌ಗಿಂತ ಮುಂಚೆ ಫ್ಯಾಕ್ಟರ್ ಏರಿಸಿದರು, ಸ್ಕ್ಯಾನ್ ಬಳಿಕ. ಬೆನ್ನುಹುರಿಯ ಪಕ್ಕದಿಂದ ಹೊರಟು ತೊಡೆಗೆ ಇಳಿಯುವ ಸೋವಾಸ್ ಎಂಬ ಸ್ನಾಯುವಿನೊಳಗೆ ರಕ್ತ ತುಂಬಿ, ಪಕ್ಕದ ನರವನ್ನು ಒತ್ತುತ್ತಿತ್ತು. ಹಿಮೋಫಿಲಿಯಾದಲ್ಲಿ ಇದು ಅಪರೂಪವೇನಲ್ಲ. ಬಲಗಡೆ ಆದಾಗ ಅಪೆಂಡಿಸೈಟಿಸ್ ಎಂದು ಭ್ರಮೆ ಹುಟ್ಟಿಸುತ್ತದೆ ಎಂದು ಅಲ್ಲಿನವರು ವಿವರಿಸಿದರು. ಹುಡುಗ ಆರು ವಾರ ಹಾಸಿಗೆಯಲ್ಲಿದ್ದ. ತೊಡೆಯ ಶಕ್ತಿ ಮರಳಲು ಅದಕ್ಕಿಂತ ಹೆಚ್ಚು ಕಾಲ ಹಿಡಿಯಿತು.

ಓದುಗರಲ್ಲಿ ಹಲವರಿಗೆ ಈ ರೋಗದ ಹೆಸರು ಮಾತ್ರ ಗೊತ್ತಿರಬಹುದಾದ್ದರಿಂದ ಒಂದೆರಡು ಮಾತು. ರಕ್ತ ಹೆಪ್ಪುಗಟ್ಟುವುದು ಒಂದರ ಹಿಂದೆ ಒಂದು ಕೊಂಡಿ ಕೂಡಿಕೊಳ್ಳುವ ಸರಪಳಿಯ ಕೆಲಸ. ಅದರಲ್ಲಿ ಎಂಟನೆಯ ಅಂಶವಿಲ್ಲದಿದ್ದರೆ ಹಿಮೋಫಿಲಿಯಾ ಎ, ಒಂಬತ್ತನೆಯದಿಲ್ಲದಿದ್ದರೆ ಬಿ. ಎ ತರದ್ದು ಸುಮಾರು 5000 ಗಂಡು ಶಿಶುಗಳಲ್ಲಿ ಒಂದಕ್ಕೆ ಬರುತ್ತದೆ. ಬಿ ಇನ್ನೂ ವಿರಳ. ದೋಷವಿರುವುದು ಎಕ್ಸ್ ವರ್ಣತಂತುವಿನಲ್ಲಾದ್ದರಿಂದ ತಾಯಿ ವಾಹಕಳಾಗಿ, ಮಗ ರೋಗಿಯಾಗುವುದು ಸಾಮಾನ್ಯ. ಆದರೆ ಸುಮಾರು ಮೂರರಲ್ಲೊಂದು ಪಾಲು ಮನೆಗಳಲ್ಲಿ ಹಿಂದೆ ಯಾರಿಗೂ ಇದ್ದ ಸುಳಿವೇ ಇರುವುದಿಲ್ಲ. ಸಣ್ಣ ಗಾಯವಾದರೆ ರಕ್ತ ಹರಿದು ಸತ್ತೇ ಹೋಗುತ್ತಾರೆಂಬುದು ಕಥೆಗಳಿಂದ ಬಂದ ಕಲ್ಪನೆ. ನಿಜವಾದ ಅಪಾಯ ಒಳಗಡೆಯದು: ಮಂಡಿ, ಮೊಣಕೈ, ಹರಡಿನ ಕೀಲುಗಳಲ್ಲಿ, ಆಳದ ಸ್ನಾಯುಗಳಲ್ಲಿ, ತಲೆಯಲ್ಲಿ. ಕೀಲಿನೊಳಗೆ ರಕ್ತ ಜಿನುಗತೊಡಗಿದಾಗ ಮೊದಲು ಊತ ಕಾಣುವುದಿಲ್ಲ. ಜುಮ್ಮೆನ್ನುವ, ಬಿಗಿಯುವ, ಏನೋ ತುಂಬಿಕೊಳ್ಳುತ್ತಿರುವ ಅನುಭವವಾಗುತ್ತದೆ. ಅದನ್ನು ಬಲ್ಲವನು ರೋಗಿಯೊಬ್ಬನೇ. ಆ ಘಳಿಗೆಯಲ್ಲೇ ಫ್ಯಾಕ್ಟರ್ ಕೊಟ್ಟರೆ ಕೀಲು ಉಳಿಯುತ್ತದೆ. ಕಣ್ಣಿಗೆ ಕಾಣುವ ಹೊತ್ತಿಗೆ ಹಾನಿ ಶುರುವಾಗಿರುತ್ತದೆ. ಇನ್ನೊಂದು ವಿಪರ್ಯಾಸವನ್ನೂ ಹೇಳಬೇಕು. ತುರ್ತು ವಿಭಾಗದಲ್ಲಿ ಯಾರಿಗಾದರೂ ಮೊದಲು ಸಿಗುವ ಉಪಚಾರವೆಂದರೆ ಸೊಂಟಕ್ಕೊಂದು ಸೂಜಿ, ನೋವು ಕಳೆಯಲು ಡೈಕ್ಲೋಫೆನಾಕ್. ಈ ರೋಗಿಗೆ ಸ್ನಾಯುವಿನ ಸೂಜಿಯೇ ಹೊಸ ರಕ್ತಸ್ರಾವಕ್ಕೆ ದಾರಿ. ಆಸ್ಪಿರಿನ್, ಡೈಕ್ಲೋಫೆನಾಕ್‌ನಂತಹ ಮಾತ್ರೆಗಳು ಹೆಪ್ಪುಗಟ್ಟುವುದನ್ನು ಇನ್ನಷ್ಟು ಕೆಡಿಸುತ್ತವೆ. ಎಲ್ಲರಿಗೂ ದಯೆಯಾಗಿರುವುದು ಇವನೊಬ್ಬನಿಗೆ ಪೆಟ್ಟು.

ನಮ್ಮ ತಾಯಿಗೊಬ್ಬ ತಮ್ಮನಿದ್ದನಂತೆ. ಒಂಬತ್ತನೆಯ ವಯಸ್ಸಿನಲ್ಲಿ ಹಲ್ಲು ಕಿತ್ತಿಸಿದ ಮೇಲೆ ಮೂರು ದಿನ ರಕ್ತ ನಿಲ್ಲದೆ ತೀರಿಕೊಂಡ. ಮನೆಯಲ್ಲಿ ಅದನ್ನು ದೃಷ್ಟಿ ಎಂದರು. ಅಕ್ಕನ ಮಗನಿಗೆ ರೋಗ ಗುರುತಾದ ದಿನ, ಅರ್ಧ ಶತಮಾನದ ಹಿಂದಿನ ಆ ಸಾವಿಗೂ ಒಂದು ಹೆಸರು ಸಿಕ್ಕಿತು. ಅಜ್ಜಿ ಆಗ ಇರಲಿಲ್ಲ. ತನ್ನ ಮಗನಿಗೆ ಯಾರದೋ ಕಣ್ಣು ತಾಗಿತೆಂದು ಕೊನೆಯವರೆಗೂ ನೆರೆಯವಳೊಬ್ಬಳೊಡನೆ ಮಾತು ಬಿಟ್ಟಿದ್ದಳು.

ಈಗ ವೈದ್ಯರ ಪಕ್ಷವನ್ನೂ ನೋಡಬೇಕು. ನೋಡದೆ ಹೋದರೆ ಇದು ದೂರಿನ ಪತ್ರವಾಗುತ್ತದೆ. ಅಮೆರಿಕದ ಮೇರಿಲ್ಯಾಂಡಿನ ವೈದ್ಯ ಪ್ರಾಧ್ಯಾಪಕ ಥಿಯೋಡರ್ ವುಡ್‌ವರ್ಡ್ ಅವರದೆಂದು ಪ್ರಚಲಿತವಾಗಿರುವ ಬುದ್ಧಿಮಾತೊಂದಿದೆ: ಗೊರಸಿನ ಸದ್ದು ಕೇಳಿದರೆ ಕುದುರೆಯನ್ನು ನೆನೆಯಬೇಕೇ ಹೊರತು ಜೀಬ್ರಾವನ್ನಲ್ಲ. ಹೊಟ್ಟೆನೋವೆಂದು ಬಂದ ನೂರು ಮಕ್ಕಳಲ್ಲಿ ಬಹುಪಾಲು ಮಂದಿಗೆ ಇರುವುದು ಸಾಮಾನ್ಯ ಕಾರಣವೇ. ಪ್ರತಿಯೊಬ್ಬರಲ್ಲೂ ವಿರಳ ರೋಗವನ್ನು ಹುಡುಕುತ್ತ ಕುಳಿತರೆ ಎದೆನೋವಿನ ಆ ವೃದ್ಧರು ಕಾಯುತ್ತ ಕಾಯುತ್ತಲೇ ಹೋಗಿಬಿಡುತ್ತಾರೆ. ಆ ಯುವ ವೈದ್ಯರು ಎಷ್ಟು ಗಂಟೆಗಳಿಂದ ನಿದ್ದೆಯಿಲ್ಲದೆ ನಿಂತಿದ್ದರೋ ನಾವು ಕೇಳಲಿಲ್ಲ. ರೋಗಿಯ ಕಡೆಯವರೆಲ್ಲ ಸತ್ಯಸಂಧರೂ ಅಲ್ಲ. ಮೊಬೈಲಿನಲ್ಲಿ ಅರ್ಧ ಓದಿಕೊಂಡು ಬಂದು ವೈದ್ಯರಿಗೆ ಪಾಠ ಹೇಳುವವರಿದ್ದಾರೆ, ಕೈ ಎತ್ತುವವರೂ ಇದ್ದಾರೆ. ಆಸ್ಪತ್ರೆ ಸಿಬ್ಬಂದಿಯ ಮೇಲಿನ ಹಲ್ಲೆಯನ್ನು ತಡೆಯಲು ತಮಿಳುನಾಡು 2008ರಲ್ಲಿ, ಕರ್ನಾಟಕ 2009ರಲ್ಲಿ ಕಾನೂನು ಮಾಡಬೇಕಾಗಿ ಬಂದದ್ದು ಸುಮ್ಮನೆ ಅಲ್ಲ.

ಆದರೆ ಕುದುರೆ, ಜೀಬ್ರಾಗಳ ಬುದ್ಧಿಮಾತಿಗೆ ಒಂದು ಮಿತಿಯಿದೆ. ಅದು ನಮ್ಮ ತಳಿ, ಜವಳಗಿರಿ ಕಡೆಯ ರೈತನಿಗೆ ಯಾರೂ ಹೇಳಿಕೊಡದೆ ಗೊತ್ತು. ರಾತ್ರಿ ರಾಗಿ ಹೊಲದಲ್ಲಿ ಸದ್ದಾದರೆ ಅದು ಸಾಮಾನ್ಯವಾಗಿ ಹಂದಿ. ಆದರೆ ರಾಗಿ ತೆನೆ ಕಟ್ಟುವ ಕಾಲಕ್ಕೆ ಬನ್ನೇರುಘಟ್ಟದ ಕಾಡಿನಿಂದ ಆನೆಗಳ ಹಿಂಡು ಈ ಕಡೆಗೆ ಇಳಿಯುತ್ತದೆ. ಅಟ್ಟಣೆಯ ಮೇಲೆ ಕುಳಿತ ಕಾವಲಿನವನು “ಆನೆ” ಎಂದು ಕೂಗಿದಾಗ, ಹೆಚ್ಚಿನ ಸದ್ದುಗಳು ಹಂದಿಯವೇ ಅಲ್ಲವೇ ಎಂದು ಊರಿನಲ್ಲಿ ಯಾರೂ ಲೆಕ್ಕ ಹೇಳುತ್ತ ಕೂರುವುದಿಲ್ಲ. ಯಾಕೆಂದರೆ ಬರಿಯ ಸದ್ದಿನ ಬಗ್ಗೆ ಮಾಡುವ ಊಹೆ ಬೇರೆ. ಅಲ್ಲೇ ಇದ್ದು ನೋಡಿದವನು ಹೇಳಿದ ಮೇಲೆ ಆ ಊಹೆ ತಾನಾಗಿ ಹಿಂದೆ ಸರಿಯಬೇಕು. ನಮ್ಮ ಹುಡುಗ ಬರಿಯ ಹೊಟ್ಟೆನೋವಿನ ಹುಡುಗನಾಗಿ ಬಂದಿರಲಿಲ್ಲ. ರೋಗದ ಹೆಸರು ಬರೆದ ಕಡತ ಅವನ ಎದೆಯ ಮೇಲಿತ್ತು. ಜೀಬ್ರಾ ತನ್ನ ಪಟ್ಟೆಗಳನ್ನು ತೋರಿಸಿಕೊಂಡೇ ಒಳಗೆ ಬಂದಿತ್ತು. ಆದರೂ ಅದನ್ನು ಕುದುರೆ ಎಂದರು. ಇಲ್ಲಿ ಆದದ್ದು ಲೆಕ್ಕಾಚಾರದ ತಪ್ಪಲ್ಲ. ಒಂದು ಸಾಕ್ಷ್ಯವನ್ನು ಸಾಕ್ಷ್ಯವೆಂದೇ ಎಣಿಸಲಿಲ್ಲ.

ಸಾಕ್ಷ್ಯವೆಂದು ಯಾವುದನ್ನು ಎಣಿಸಬೇಕೆಂಬುದು ನಮ್ಮ ದೇಶದ ತಾರ್ಕಿಕರು ಶತಮಾನಗಳ ಕಾಲ ಜಗಳವಾಡಿದ ವಿಷಯ. ನ್ಯಾಯದರ್ಶನದವರು ಪ್ರತ್ಯಕ್ಷ, ಅನುಮಾನ, ಉಪಮಾನಗಳ ಜೊತೆಗೆ ಶಬ್ದವನ್ನೂ, ಎಂದರೆ ಆಪ್ತನ ಮಾತನ್ನೂ, ಸ್ವತಂತ್ರ ಪ್ರಮಾಣವೆಂದು ಒಪ್ಪಿದರು. ಬೌದ್ಧ ತಾರ್ಕಿಕರು ಒಪ್ಪಲಿಲ್ಲ. ಮಾತು ಕೊನೆಗೂ ಒಂದು ಬಗೆಯ ಅನುಮಾನವೇ ಎಂದರು. ಆ ವಾದದ ಆಳಕ್ಕೆ ಇಳಿಯುವ ಶಕ್ತಿ ನಮಗಿಲ್ಲ. ನಮಗೆ ಬೇಕಾದದ್ದು ಆಪ್ತ ಯಾರು ಎಂಬುದಕ್ಕೆ ಭಾಷ್ಯಕಾರ ವಾತ್ಸ್ಯಾಯನ ಕೊಡುವ ಲಕ್ಷಣ. ವಿಷಯವನ್ನು ನೇರವಾಗಿ ಅರಿತಿರಬೇಕು. ಅರಿತದ್ದನ್ನು ಅರಿತ ಹಾಗೆಯೇ ತಿಳಿಸುವ ಇಚ್ಛೆ ಇರಬೇಕು. ಇಷ್ಟೇ. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಅವನು ಸೇರಿಸುತ್ತಾನೆ. ಆ ಕಾಲದಲ್ಲಿ ಹಾಗೆ ಬರೆಯುವುದು ಸಣ್ಣ ಮಾತಲ್ಲ. ನೋಡಿದವನಾರೆಂಬುದು ಮುಖ್ಯ, ಅವನ ಕುಲವಾಗಲಿ ಪದವಿಯಾಗಲಿ ಅಲ್ಲ ಎಂದಂತಾಯಿತು. ತೊಡೆಸಂದಿನ ಒಳಗೆ ಏನಾಗುತ್ತಿದೆ ಎಂಬುದನ್ನು ನೇರವಾಗಿ ಅರಿತವರು ಆ ರಾತ್ರಿ ಆ ಕೋಣೆಯಲ್ಲಿ ಒಬ್ಬರೇ ಇದ್ದರು, ಮತ್ತು ಅವನಿಗೆ ಹದಿಮೂರು ವರ್ಷ.

ಆಯುರ್ವೇದದ ಕಡೆಗೆ ಬಂದರೆ ಎಚ್ಚರದಿಂದ ಮಾತಾಡಬೇಕು. ರೋಗವನ್ನು ತಿಳಿಯಲು ಚರಕಸಂಹಿತೆ ಹೇಳುವ ಮೂರು ಸಾಧನಗಳಲ್ಲಿ ಮೊದಲನೆಯದು ಆಪ್ತೋಪದೇಶ ನಿಜ. ಆದರೆ ಅಲ್ಲಿನ ಆಪ್ತನು ಶಾಸ್ತ್ರ ಬಲ್ಲ ಹಿರಿಯ, ರೋಗಿಯಲ್ಲ. ಭಾಷಣಗಳಲ್ಲಿ ಇದನ್ನು ರೋಗಿಯ ಹಕ್ಕಿನ ಘೋಷಣೆ ಎಂಬಂತೆ ಹೇಳುವುದುಂಟು, ಅದು ಸರಿಯಲ್ಲ. ಹಾಗಿದ್ದರೂ ಅದೇ ಪ್ರಕರಣದಲ್ಲಿ ಒಂದು ಸೂಕ್ಷ್ಮವಿದೆ. ವೈದ್ಯನು ತನ್ನ ಎಲ್ಲ ಇಂದ್ರಿಯಗಳಿಂದಲೂ ರೋಗಿಯನ್ನು ಪರೀಕ್ಷಿಸಬೇಕು, ನಾಲಿಗೆಯೊಂದನ್ನು ಬಿಟ್ಟು. ರೋಗಿಯ ಬಾಯಿಯ ರುಚಿ ಹೇಗಿದೆ ಎಂಬುದನ್ನು ಅವನನ್ನೇ ಕೇಳಿ ತಿಳಿಯಬೇಕು. ಎಂದರೆ, ಎಂತಹ ನಿಪುಣನ ಇಂದ್ರಿಯಕ್ಕೂ ಎಟುಕದ ಒಂದು ಪ್ರದೇಶ ರೋಗಿಯ ಒಳಗಿದೆ, ಅಲ್ಲಿಗೆ ಹೋಗಲು ಅವನ ಮಾತೊಂದೇ ಬಾಗಿಲು ಎಂಬ ಅರಿವು ಅಲ್ಲಿತ್ತು. ವಾಗ್ಭಟನೂ ನೋಡುವುದು, ಮುಟ್ಟುವುದರ ಜೊತೆಗೆ ಕೇಳುವುದನ್ನು ಪರೀಕ್ಷೆಯ ಭಾಗವಾಗಿಯೇ ಸೇರಿಸಿದ್ದಾನೆ. “ನಾಳೆ ಪರೀಕ್ಷೆಯೇ?” ಎಂಬುದೂ ಒಂದು ಪ್ರಶ್ನೆಯೇ. ಆದರೆ ಅದು ತಿಳಿಯಲು ಕೇಳಿದ್ದಲ್ಲ. ತಿಳಿದುಕೊಂಡಾಯಿತು ಎಂದು ಸೂಚಿಸಲು ಕೇಳಿದ್ದು.

ಇಂಗ್ಲೆಂಡಿನ ತತ್ತ್ವಶಾಸ್ತ್ರಜ್ಞೆ ಮಿರಾಂಡಾ ಫ್ರಿಕರ್ 2007ರಲ್ಲಿ ಪ್ರಕಟಿಸಿದ ಪುಸ್ತಕವೊಂದರಲ್ಲಿ ಇಂತಹ ಅನ್ಯಾಯಕ್ಕೆ ಪ್ರತ್ಯೇಕ ಹೆಸರನ್ನೇ ಕೊಟ್ಟರು. ಹೇಳುವವನ ಬಗ್ಗೆ ಮೊದಲೇ ಇರುವ ಪೂರ್ವಗ್ರಹದಿಂದ ಅವನ ಮಾತಿಗೆ ಸಲ್ಲಬೇಕಾದಷ್ಟು ನಂಬಿಕೆ ಸಲ್ಲದಿದ್ದರೆ, ಅವನನ್ನು ಅರಿಯಬಲ್ಲವನೆಂಬ ಸ್ಥಾನದಿಂದಲೇ ಕೆಳಗಿಳಿಸಿದಂತೆ ಎಂಬುದು ಅವರ ವಾದದ ಸಾರ. ಈ ವಿಚಾರವನ್ನು ರೋಗಿಗಳ ಪಾಡಿಗೆ ಅನ್ವಯಿಸಿದವರಲ್ಲಿ ಹಾವಿ ಕ್ಯಾರೆಲ್ ಮುಖ್ಯರು. ಅವರಿಗೇ ಶ್ವಾಸಕೋಶದ ಅತಿ ವಿರಳ ಕಾಯಿಲೆಯೊಂದಿದೆ. ತತ್ತ್ವವನ್ನು ಅವರು ಹೊರಗೆ ನಿಂತು ಬರೆಯಲಿಲ್ಲ.

ಇಷ್ಟು ದೂರ ಹೋಗಿ ಬರುವ ಬದಲು ಪಶುವೈದ್ಯರ ಬಳಿಗೆ ಹೋದರೂ ಸಾಕಿತ್ತು ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಹೊಸೂರಿನಲ್ಲಿ ಕಂಪನಿ ಸರ್ಕಾರದ ಕಾಲದಿಂದಲೂ, 1824ರಿಂದ, ಜಾನುವಾರು ಕ್ಷೇತ್ರವಿದೆ. ದನಕರುಗಳ ಆರೈಕೆ ಈ ಊರಿಗೆ ಹಳೆಯ ವಿದ್ಯೆ. ರೈತನೊಬ್ಬ ಹಸುವನ್ನು ಹಿಡಿದು ತಂದು, “ನಿನ್ನೆ ಸಂಜೆಯಿಂದ ಮೆಲುಕು ಹಾಕಿಲ್ಲ ಸಾರ್, ಕರೆದರೆ ತಿರುಗಿ ನೋಡುವ ರೀತಿಯೇ ಬೇರೆಯಾಗಿದೆ” ಎಂದರೆ, ಪಶುವೈದ್ಯರು ನಗುವುದಿಲ್ಲ. ಅವನ ಮಾತಿನಿಂದಲೇ ಪರೀಕ್ಷೆ ಶುರುವಾಗುತ್ತದೆ. ಮೂಕಪ್ರಾಣಿಯನ್ನು ದಿನಾ ನೋಡಿದವನ ಮಾತಿಗೆ ಬೆಲೆಯಿದೆ. ಮಾತು ಬರುವ ಮಗುವನ್ನು ಹದಿಮೂರು ವರ್ಷ ಸಾಕಿದವಳ ಮಾತಿಗೆ ಯಾಕಿಲ್ಲ? ಬಹುಶಃ ಹಸುವಿನ ಒಡೆಯನಿಂದ ವೈದ್ಯರ ಅಧಿಕಾರಕ್ಕೆ ಕುಂದು ಬರುವುದಿಲ್ಲ. ಸೂಜಿ ಬೇಡವೆಂದು ಕೈ ಅಡ್ಡ ಇಟ್ಟ ತಾಯಿಯಿಂದ ಬರುತ್ತದೆ. ವಿರಳ ರೋಗದ ಮನೆಯವರು ತಮ್ಮ ಒಂದೇ ಒಂದು ರೋಗದ ವಿಷಯದಲ್ಲಿ ಆ ರಾತ್ರಿಯ ವೈದ್ಯರಿಗಿಂತ ಹೆಚ್ಚು ತಿಳಿದಿರುತ್ತಾರೆ. ಇದು ಇಬ್ಬರಿಗೂ ಮುಜುಗರದ ಸ್ಥಿತಿ. ಅಕ್ಕನಿಗೆ ತಿಳಿವಳಿಕೆಯನ್ನು ಅಡಗಿಸಿ ಬೇಡುವ ಧಾಟಿಯಲ್ಲಿ ಹೇಳಬೇಕೆಂಬುದು ಈಗ ಅಭ್ಯಾಸವಾಗಿದೆ. “ತಪ್ಪು ತಿಳಿಯಬೇಡಿ ಸಾರ್, ಬೆಂಗಳೂರಿನವರು ಹೀಗೆ ಬರೆದಿದ್ದಾರೆ, ನೀವೇ ಒಂದು ಸಲ ನೋಡಿ” ಎನ್ನುತ್ತಾಳೆ. ನಾಟಕವೇ. ಆದರೆ ಮಗನ ಕಾಲಿಗಾಗಿ ಆಡುವ ನಾಟಕ.

ಮಾತಿನ ವಿಷಯ ಬಂದಿತು. ನಮ್ಮಲ್ಲಿ ನೋವಿಗೆ ಎಷ್ಟು ಪದಗಳು! ಸೆಳೆತ, ಹಿಂಡುವುದು, ಚುಳುಕು, ಉರಿ, ಜುಮ್ಮು, ಸಿಡಿತ, ಕಡಿತ. ಮನೆಯಲ್ಲಿ ಹುಡುಗ “ಒಳಗೆ ಬಿಗಿದುಕೊಂಡು ಜುಮ್ಮ್ ಅಂತಿದೆ” ಎಂದು ಹೇಳಿದ್ದ. ವೈದ್ಯರೆದುರು ತಮಿಳಿನಲ್ಲಿ “ವಲಿಕ್ಕಿದು” ಎಂದಷ್ಟೇ ಹೇಳಿದ. ಶಾಲೆಯ ತಮಿಳು ಅವನಿಗೆ ಚೆನ್ನಾಗಿ ಬರುತ್ತದೆ, ಅಂಕಗಳೂ ಬರುತ್ತವೆ. ಆದರೆ ನೋವಿನ ಭಾಷೆಯನ್ನು ಮಕ್ಕಳು ಶಾಲೆಯಲ್ಲಿ ಕಲಿಯುವುದಿಲ್ಲ, ಬಿದ್ದಾಗ ಎತ್ತಿಕೊಂಡವರಿಂದ ಕಲಿಯುತ್ತಾರೆ. ಜುಮ್ಮೆನ್ನುವುದು ನೋವಾಗಿ ಅನುವಾದವಾದಾಗ ರೋಗದ ಗುರುತೇ ಅಳಿಸಿಹೋಯಿತು. ಇದಕ್ಕೆ ಯಾವ ಭಾಷೆಯವರನ್ನೂ ದೂರಬೇಕಾಗಿಲ್ಲ. ಗಡಿ ದಾಟಿ ಬೆಂಗಳೂರಿನ ಆಸ್ಪತ್ರೆಗಳಿಗೆ ಹೋಗುವ ತಮಿಳು, ತೆಲುಗು ಮನೆಗಳವರಿಗೂ ಇದೇ ಪಾಡು ಎದುರಾಗುತ್ತದೆ.

ಹೆಂಗಸರ ಮಾತಿಗೆ ಇನ್ನೂ ಕಡಿಮೆ ಬೆಲೆ. ಹಿಮೋಫಿಲಿಯಾದ ವಾಹಕ ತಾಯಂದಿರಲ್ಲೂ ಹಲವರಿಗೆ ರಕ್ತಸ್ರಾವ ಹೆಚ್ಚಾಗಿರುತ್ತದೆ. ಗಂಡಸರ ರೋಗವೆಂಬ ಹಣೆಪಟ್ಟಿಯಿಂದಾಗಿ ಅವರನ್ನು ಕೇಳುವವರಿಲ್ಲ. ಫಿನ್‌ಲೆಂಡಿನ ವೈದ್ಯ ಎರಿಕ್ ಫಾನ್ ವಿಲೆಬ್ರಾಂಡ್ 1926ರಲ್ಲಿ ಇನ್ನೊಂದು ರಕ್ತಸ್ರಾವದ ರೋಗವನ್ನು ವಿವರಿಸಿದರು. ಅವರು ನೋಡಿದ್ದು ಆಲಂಡ್ ದ್ವೀಪಗಳ ಒಬ್ಬ ಪುಟ್ಟ ಹುಡುಗಿಯನ್ನು. ಅವಳು ಹದಿಹರೆಯಕ್ಕೆ ಕಾಲಿಡುತ್ತಲೇ, ನಾಲ್ಕನೆಯ ಮುಟ್ಟಿನ ರಕ್ತಸ್ರಾವ ನಿಲ್ಲದೆ ತೀರಿಕೊಂಡಳು. ಆ ರೋಗ ಹಿಮೋಫಿಲಿಯಾಕ್ಕಿಂತ ಸಾಮಾನ್ಯ. ಹೆಣ್ಣು ಗಂಡು ಇಬ್ಬರಿಗೂ ಬರುತ್ತದೆ. ಮುಟ್ಟಿನಲ್ಲಿ ಇಷ್ಟು ಹೋಗುತ್ತಿದೆ ಎಂದು ಹುಡುಗಿಯೊಬ್ಬಳು ಹೇಳಿದರೆ, ಎಲ್ಲರಿಗೂ ಆಗುವುದೇ ಎಂದು ಬಾಯಿ ಮುಚ್ಚಿಸುವವರು ಆಸ್ಪತ್ರೆಯಲ್ಲಿ ಮಾತ್ರವಲ್ಲ, ಅಡುಗೆಮನೆಯಲ್ಲೂ ಇದ್ದಾರೆ. ಸಂಘದ ತಾಯಂದಿರು ಇದನ್ನು ಓದುತ್ತಾರೆಂಬ ಕಾರಣಕ್ಕೆ ಈ ಮಾತನ್ನು ಬಿಡದೆ ಬರೆದೆವು.

ಕಾನೂನು ಏನನ್ನುತ್ತದೆ? ತುರ್ತು ಸ್ಥಿತಿಯಲ್ಲಿ ಬಂದವನ ಜೀವ ಉಳಿಸುವುದು ಪ್ರತಿ ವೈದ್ಯನ ಹೊಣೆಯೆಂದು ಸುಪ್ರೀಂ ಕೋರ್ಟ್ 1989ರಲ್ಲಿ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿತು. 1992ರಲ್ಲಿ ಬಂಗಾಳದಲ್ಲಿ ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಹಕೀಂ ಶೇಖ್ ಎಂಬ ಕೂಲಿ ಕಾರ್ಮಿಕನನ್ನು ಒಂದರ ಹಿಂದೊಂದು ಸರ್ಕಾರಿ ಆಸ್ಪತ್ರೆಗಳು ಹಾಸಿಗೆಯಿಲ್ಲವೆಂದು ಹಿಂದಿರುಗಿಸಿದವು. 1996ರ ತೀರ್ಪು ಅದನ್ನು ಬದುಕುವ ಹಕ್ಕಿನ ಉಲ್ಲಂಘನೆ ಎಂದಿತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಹಿಮೋಫಿಲಿಯಾಕ್ಕೂ ಜಾಗ ಸಿಕ್ಕಿತು. ಇವೆಲ್ಲ ದೊಡ್ಡ ಗೆಲುವುಗಳು. ಆದರೆ ಕಾನೂನು ಆಸ್ಪತ್ರೆಯ ಬಾಗಿಲನ್ನು ತೆರೆಸಬಲ್ಲದು. ಒಳಗೆ ಮಲಗಿಸಿದ ಮೇಲೆ ಮಾತನ್ನು ನಂಬಿಸಲಾರದು. ನಮ್ಮ ಹುಡುಗನನ್ನು ಯಾರೂ ಹೊರಗೆ ಹಾಕಲಿಲ್ಲ. ಮುಟ್ಟಿ ನೋಡಿದರು, ಔಷಧ ಬರೆದರು, ಸಹಿ ಪಡೆದರು. ಕಡತದ ಪ್ರಕಾರ ಎಲ್ಲವೂ ಕ್ರಮವಾಗಿಯೇ ಇದೆ.

ನಂಬುವುದಕ್ಕೂ ಒಂದು ಬೆಲೆಯಿದೆಯಲ್ಲ ಎಂದು ಕೇಳಬಹುದು. ಇದೆ. ಫ್ಯಾಕ್ಟರ್‌ನ ಒಂದೊಂದು ಸೀಸೆಗೆ ಸಾವಿರಾರು ರೂಪಾಯಿ. ತಮಿಳುನಾಡು, ಕರ್ನಾಟಕ ಎರಡೂ ಕಡೆ ಆಯ್ದ ಸರ್ಕಾರಿ ಆಸ್ಪತ್ರೆಗಳಲ್ಲಿ ಅದನ್ನು ಉಚಿತವಾಗಿ ಕೊಡುತ್ತಾರೆ. ಎಲ್ಲ ಕಡೆ, ಎಲ್ಲ ದಿನ ಇರುವುದಿಲ್ಲ. ಗ್ಯಾಸ್ ನೋವಿಗೆ ಒಬ್ಬನಿಗೆ ಕೊಟ್ಟ ಸೀಸೆ, ತಲೆಯಲ್ಲಿ ರಕ್ತಸ್ರಾವವಾದ ಇನ್ನೊಬ್ಬನಿಗೆ ಇಲ್ಲದಂತಾಗಬಹುದು. ಇದು ಹುಸಿ ವಾದವಲ್ಲ. ಆದರೂ ತಕ್ಕಡಿಯ ಎರಡು ತಟ್ಟೆಗಳನ್ನು ನೋಡಬೇಕು. ಸುಳ್ಳನ್ನು ನಂಬಿದರೆ ಹೋಗುವುದು ಒಂದು ಸೀಸೆ. ಸತ್ಯವನ್ನು ನಂಬದಿದ್ದರೆ ಹೋಗುವುದು ಒಂದು ಕೀಲು, ಕೆಲವೊಮ್ಮೆ ಜೀವ. ಅದಕ್ಕೆಂದೇ ಗಂಭೀರ ರಕ್ತಸ್ರಾವದ ಶಂಕೆಯಿದ್ದರೆ ಮೊದಲು ಫ್ಯಾಕ್ಟರ್, ಬಳಿಕ ತಪಾಸಣೆ ಎಂಬ ನಿಯಮವನ್ನು ಈ ರೋಗದ ತಜ್ಞರು ಲೋಕದಾದ್ಯಂತ ಪಾಲಿಸುತ್ತಾರೆ. ಗಮನಿಸಬೇಕು: ಈ ನಿಯಮ ರೋಗಿ ಯಾವಾಗಲೂ ಸರಿ ಎನ್ನುವುದಿಲ್ಲ. ಅವನು ತಪ್ಪಿರಬಹುದೆಂದು ಒಪ್ಪಿಕೊಂಡೇ, ಆ ತಪ್ಪಿನ ಹೊರೆಯನ್ನು ಅವನ ಮೈಮೇಲೆ ಹಾಕಬಾರದು ಎನ್ನುತ್ತದೆ.

ದಾವಣಗೆರೆಯ ಡಾ. ಸುರೇಶ ಹನಗವಾಡಿಯವರನ್ನು ಇಲ್ಲಿ ನೆನೆಯದಿದ್ದರೆ ತಪ್ಪಾದೀತು. ಸ್ವತಃ ಹಿಮೋಫಿಲಿಯಾದೊಂದಿಗೆ ಹುಟ್ಟಿ, ವೈದ್ಯರಾಗಿ, ಅಲ್ಲಿನ ಜೆ.ಜೆ.ಎಂ. ವೈದ್ಯಕೀಯ ಕಾಲೇಜಿನಲ್ಲಿ ರೋಗಲಕ್ಷಣಶಾಸ್ತ್ರದ ಪ್ರಾಧ್ಯಾಪಕರಾದವರು. ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯನ್ನು ಕಟ್ಟಿ ಬೆಳೆಸಿದವರು. ನೋವನ್ನು ಒಳಗಿನಿಂದ ಬಲ್ಲವನೂ ಹೊರಗಿನಿಂದ ಬಲ್ಲವನೂ ಒಬ್ಬನೇ ಆದಾಗ ನಾವು ಎತ್ತಿದ ಪ್ರಶ್ನೆಯೇ ಹುಟ್ಟುವುದಿಲ್ಲ. ಆದರೆ ಪ್ರತಿ ರೋಗಿಯೂ ನಂಬಿಕೆಗೆ ಪಾತ್ರನಾಗಲು ಎಂ.ಡಿ. ಮಾಡಬೇಕೆಂದರೆ ಹೇಗೆ? ಆ ರಾತ್ರಿ “ನೀಂಗ ಡಾಕ್ಟರಾ?” ಎಂದ ಪ್ರಶ್ನೆಯ ಒಳಗಿದ್ದ ಷರತ್ತು ಅದೇ.

ಮೇಲೆ ಹೇಳಿದ ಘಟನೆಯಲ್ಲಿ ಒಂದು ಭಾಗವನ್ನು ನಾವು ಬಿಟ್ಟಿದ್ದೆವು. ಅಂದು ಸಂಜೆ ಆರರ ಹೊತ್ತಿಗೆ ಹುಡುಗ ಮೊದಲು ನೋವೆಂದು ಹೇಳಿದ್ದು ನಮ್ಮ ಬಳಿ. ಅಕ್ಕ ಮನೆಯಲ್ಲಿರಲಿಲ್ಲ. “ನಾಳೆ ಗಣಿತ ಅಲ್ಲವೇನೋ?” ಎಂದು ಕೇಳಿದವರು ನಾವೇ. ಹಿಮೋಫಿಲಿಯಾದ ಬಗ್ಗೆ ಆ ವೈದ್ಯರಿಗೆ ಗೊತ್ತಿದ್ದಕ್ಕಿಂತ ಹೆಚ್ಚು ನಮಗೆ ಗೊತ್ತಿತ್ತು. ಅವರ ಹಾಗೆ ನಮಗೆ ದಣಿವಿರಲಿಲ್ಲ, ನೂರು ಜನ ಕಾಯುತ್ತಿರಲಿಲ್ಲ. ಹುಡುಗ ಪುಸ್ತಕ ತೆಗೆದುಕೊಂಡು ಒಳಗೆ ಹೋದ. ಒಂಬತ್ತಕ್ಕೆ ಅಕ್ಕ ಬಂದು ಅವನ ಮುಖ ನೋಡಿ ಗಾಬರಿಯಾಗುವವರೆಗೆ ಮೂರು ಗಂಟೆ ಅವನು ಮತ್ತೆ ಏನನ್ನೂ ಹೇಳಲಿಲ್ಲ. ಆ ಮೂರು ಗಂಟೆಗಳಲ್ಲಿ ಎಷ್ಟು ರಕ್ತ ಇಳಿಯಿತೋ. ವೈದ್ಯರ ಮೇಲೆ ನಮಗೆ ಬಂದ ಸಿಟ್ಟಿನಲ್ಲಿ ಅವರ ಪಾಲೆಷ್ಟು, ನಮ್ಮ ಪಾಲೆಷ್ಟು ಎಂದು ಇಂದಿಗೂ ವಿಂಗಡಿಸಲಾಗಿಲ್ಲ.

ಅದಾದ ಮೇಲೆ ಎರಡು ವರ್ಷ ಅವನು ನೋವನ್ನು ಹೇಳುವುದನ್ನೇ ಬಿಟ್ಟಿದ್ದ. ಕುಂಟುವುದು ಕಂಡ ಮೇಲೆ ನಮಗೆ ಗೊತ್ತಾಗುತ್ತಿತ್ತು. ಕೇಳಿದರೆ, “ಹೇಳಿ ಏನು ಮಾಡೋದು ಮಾವ, ನೀವೆಲ್ಲ ಕೇಳ್ತೀರ” ಎಂದ. ನೀವೆಲ್ಲ ಪ್ರಶ್ನೆ ಕೇಳುತ್ತೀರಿ ಎಂಬ ಅರ್ಥದಲ್ಲಿ. ಎಡ ಮಂಡಿ ಆ ಎರಡು ವರ್ಷಗಳಲ್ಲಿ ಹಾಳಾಯಿತು. ಈಗ ಪೂರ್ತಿ ಮಡಚಲು ಬರುವುದಿಲ್ಲ.

ಅಕ್ಕ ಒಂದು ಚೀಟಿಯನ್ನು ತಮಿಳು, ಕನ್ನಡ, ಇಂಗ್ಲಿಷ್ ಮೂರರಲ್ಲೂ ಬರೆಸಿ ಲ್ಯಾಮಿನೇಷನ್ ಮಾಡಿಸಿದ್ದಾಳೆ. ರೋಗದ ಹೆಸರು, ಕೊಡಬಾರದ ಔಷಧ, ಸ್ನಾಯುವಿಗೆ ಸೂಜಿ ಬೇಡ, ಬೆಂಗಳೂರಿನ ವೈದ್ಯರ ಫೋನು. ಹುಡುಗನ ಪರ್ಸಿನಲ್ಲಿ ಒಂದು, ನಮ್ಮ ಪರ್ಸಿನಲ್ಲೊಂದು. ಕಳೆದ ಸಲ ಇನ್ನೊಂದು ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಸಿಸ್ಟರ್ ಒಬ್ಬರು ಅದನ್ನು ನಿಂತಲ್ಲೇ ಎರಡು ಬಾರಿ ಓದಿದರು. ಇಂತಹ ರೋಗ ತಾನು ನೋಡಿಲ್ಲ ಎಂದು ತಮಿಳಿನಲ್ಲಿ ಹೇಳಿ, ನಮ್ಮೆದುರೇ ಆ ನಂಬರಿಗೆ ಫೋನು ಮಾಡಿದರು.

ಈ ದೀಪಾವಳಿಯ ಮರುದಿನ ಬೆಳಗಿನ ಜಾವ ನಾಲ್ಕಕ್ಕೆ ಹುಡುಗ ಬಂದು ನಮ್ಮನ್ನು ಎಬ್ಬಿಸಿದ. ಬಲ ಮೊಣಕೈ ಜುಮ್ಮ್ ಅನ್ನುತ್ತಿದೆ ಎಂದ. ದೀಪ ಹಾಕಿದಾಗ ಮೊಣಕೈಯಲ್ಲಿ ಏನೂ ಕಾಣಲಿಲ್ಲ. ಕಾರಿನ ಕೀಲಿ ಹುಡುಕಿಕೊಂಡು ಹೊರಟೆವು.